ಮೇಜಿನ ಆ ಕಡೆಯ ಪಿಸ್ತೂಲು

ಕೆಲವು ತಿಂಗಳಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಜನರಿಂದ ಆಯ್ಕೆಯಾದವರು, ಜನರ ಮಾತು ಕೇಳಲೆಂದೇ ಕರೆದ ಸಭೆಯಲ್ಲಿ, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಕೂರಬಹುದಾ? ನಾನಿರುವ ಮಿಶಿಗನ್ ರಾಜ್ಯದಲ್ಲಿ ಕಾನೂನು ಅದಕ್ಕೆ ಅಡ್ಡಿ ಮಾಡುವುದಿಲ್ಲ. ನನ್ನ ಪ್ರಶ್ನೆ ಕಾನೂನಿನದ್ದಲ್ಲ. ಅದು ಸರಿಯಾ ಅನ್ನುವುದು.

ನಮ್ಮದು ಡೆಟ್ರಾಯಿಟ್‌ನಿಂದ ಸುಮಾರು ಒಂದು ಗಂಟೆ ದೂರದ ಟೌನ್‌ಶಿಪ್. ನಮ್ಮೂರ ಕಡೆಯ ಗ್ರಾಮ ಪಂಚಾಯಿತಿಗೆ ಹತ್ತಿರದ ವ್ಯವಸ್ಥೆ ಅಂದುಕೊಳ್ಳಿ. ಒಬ್ಬ ಸೂಪರ್‌ವೈಸರ್, ಒಬ್ಬ ಕ್ಲರ್ಕ್, ಒಬ್ಬ ಖಜಾಂಚಿ, ಇಬ್ಬರು ಟ್ರಸ್ಟಿಗಳು. ಐವರನ್ನೂ ಊರವರೇ ಮತ ಹಾಕಿ ಆರಿಸುತ್ತಾರೆ. ತಿಂಗಳಿಗೊಮ್ಮೆ ಸಂಜೆ ಬೋರ್ಡ್ ಸಭೆ. ಯಾರು ಬೇಕಾದರೂ ಹೋಗಬಹುದು, ಮೂರು ನಿಮಿಷ ಮಾತಾಡಬಹುದು. ಸಭೆ ಎಲ್ಲರಿಗೂ ತೆರೆದಿರಬೇಕು, ಬಂದವರಿಗೆ ಮಾತಾಡಲು ಅವಕಾಶ ಇರಬೇಕು ಅಂತ 1976ರಲ್ಲೇ ಈ ರಾಜ್ಯ ಕಾನೂನು ಮಾಡಿದೆ. ಈ ದೇಶದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿಗಳಲ್ಲಿ ಇದೂ ಒಂದು. ವಾಷಿಂಗ್ಟನ್ ನನ್ನ ಮಾತು ಕೇಳುವುದಿಲ್ಲ. ಈ ಐದು ಜನ ಕೇಳಲೇಬೇಕು.

ಚಳಿಗಾಲದ ಒಂದು ಸಭೆ. ಊರಂಚಿನ ಹೊಲವೊಂದರಲ್ಲಿ ಜಲ್ಲಿ ಗಣಿಗೆ ಅನುಮತಿ ಕೊಡಬೇಕೋ ಬೇಡವೋ ಅನ್ನುವ ಚರ್ಚೆ. ಫೈರ್ ಸ್ಟೇಷನ್ ಪಕ್ಕದ ಸಣ್ಣ ಹಾಲ್ ಅವತ್ತು ತುಂಬಿಹೋಗಿತ್ತು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಬೂಟುಗಳಿಂದ ಕರಗಿದ ಹಿಮ ನೆಲದ ಮೇಲೆಲ್ಲ ನೀರಾಗಿತ್ತು. ಟ್ರಕ್ಕುಗಳು ಯಾವ ರಸ್ತೆಯಲ್ಲಿ ಓಡುತ್ತವೆ, ಬಾವಿಗಳ ನೀರು ಏನಾಗುತ್ತದೆ, ಧೂಳಿಗೆ ಯಾರು ಜವಾಬ್ದಾರಿ ಅಂತ ಮಾತು ನಡೆದಿತ್ತು. ಗಣಿಯ ಪರವಾಗಿದ್ದ ಒಬ್ಬ ಟ್ರಸ್ಟಿ ಪ್ರೊಜೆಕ್ಟರ್ ಸರಿಮಾಡಲು ಎದ್ದರು. ಕೈ ಮೇಲೆತ್ತಿದಾಗ ಜಾಕೆಟ್ ಸರಿಯಿತು. ಬೆಲ್ಟಿನಲ್ಲಿ ಪಿಸ್ತೂಲು ಇತ್ತು. ಅವರು ಅದನ್ನು ತೋರಿಸಲು ಎದ್ದಿರಲಿಲ್ಲ, ಅದು ಖಂಡಿತ. ಯಾರೂ ಏನೂ ಅನ್ನಲಿಲ್ಲ. ಆದರೆ ಮುಂದಿನ ಸಾಲಿನವರೆಲ್ಲ ನೋಡಿದರು ಅನ್ನುವುದು ಅವರ ಕತ್ತು ತಿರುಗಿದ ರೀತಿಯಲ್ಲೇ ಗೊತ್ತಾಯಿತು.

ಆಮೇಲೆ ನಮ್ಮ ಪಕ್ಕದ ಮನೆಯವರ ಸರದಿ ಬಂತು. ರಿಟೈರ್ ಆದ ಸ್ಕೂಲ್ ಟೀಚರ್. ಎರಡು ಪುಟ ಬರೆದುಕೊಂಡು ಬಂದಿದ್ದರು. ಹಿಂದಿನ ದಿನ ನಮ್ಮ ಅಡುಗೆಮನೆಯಲ್ಲಿ ಕೂತು ನನಗೆ ಓದಿ ತೋರಿಸಿದ್ದರು. ಆ ಟ್ರಸ್ಟಿ ಗಣಿಯವರ ಜೊತೆ ಇಟ್ಟುಕೊಂಡಿದ್ದ ವ್ಯವಹಾರದ ಬಗ್ಗೆ ಅದರಲ್ಲಿ ನೇರವಾದ ಪ್ರಶ್ನೆಗಳಿದ್ದವು. ಮೈಕ್ ಮುಂದೆ ನಿಂತವರು ಮೊದಲ ಪ್ಯಾರಾ ಓದಿದರು. ಟ್ರಕ್ಕು, ಧೂಳು, ಅಷ್ಟೇ. ಆಮೇಲೆ ಹಾಳೆ ಮಡಚಿ, "ಉಳಿದದ್ದನ್ನು ಬೇರೆಯವರು ಹೇಳಿದ್ದಾರೆ" ಅಂದು ಬಂದು ಕೂತುಬಿಟ್ಟರು. ಬೇರೆ ಯಾರೂ ಹೇಳಿರಲಿಲ್ಲ.

ಪಾರ್ಕಿಂಗ್ ಜಾಗದಲ್ಲಿ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾ ಕೇಳಿದೆ, ಯಾಕೆ ನಿಲ್ಲಿಸಿದಿರಿ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವನ ಮುಖ ನೋಡಿಕೊಂಡೇ ಅವನ ಮೇಲೆ ಆರೋಪ ಮಾಡಬೇಕಿತ್ತು. ಮುಖ ನೋಡೋಕೆ ಹೋದರೆ ಕಣ್ಣು ಬೆಲ್ಟಿಗೆ ಹೋಗ್ತಾ ಇತ್ತು" ಅಂದರು. ಇಷ್ಟು ಮಾತ್ರ. ಇವರು ಬಂದೂಕು ಕಂಡರೆ ಬೆಚ್ಚಿಬೀಳುವವರಲ್ಲ. ಇವರ ಗಂಡ ನವೆಂಬರ್ ಬಂದರೆ ಜಿಂಕೆ ಬೇಟೆಗೆ ಹೋಗುತ್ತಿದ್ದವರು. ಅವರ ರೈಫಲ್ ಇವತ್ತಿಗೂ ಮನೆಯಲ್ಲೇ ಇದೆ. ಹಾಗಾಗಿಯೇ ಆ ಮಾತು ನನ್ನನ್ನು ಬಿಡುತ್ತಿಲ್ಲ.

ಕೋವಿ ಇರುವ ಮನೆ

ನಾನು ಕೂಡ ಕೋವಿ ಇರುವ ಮನೆಯಲ್ಲೇ ಬೆಳೆದವನು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಅಪ್ಪಯ್ಯನ ಹತ್ತಿರ ಒಂಟಿನಳಿಗೆಯ ತೋಟಾ ಕೋವಿ ಇತ್ತು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಮಂಗನ ಹಿಂಡು ತೋಟಕ್ಕೆ ಇಳಿದರೆ ಆಕಾಶಕ್ಕೆ ಒಂದು ಈಡು. ಗದ್ದೆಗೆ ಹಂದಿ ಬರುವ ಕಾಲದಲ್ಲಿ ರಾತ್ರಿ ಮಾಳದಲ್ಲಿ ಕಾವಲು. ಕೋವಿ ಒಳಗಿನ ಕೋಣೆಯ ಗೋಡೆ ಮೇಲೆ, ತೋಟಾ ಬೇರೆ ಕಡೆ ಬೀಗದೊಳಗೆ. ನಾವು ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಆದರೆ ಅದರ ಲೈಸೆನ್ಸ್ ಪುಸ್ತಕ ಓದಲು ಅಡ್ಡಿ ಇರಲಿಲ್ಲ. ಮನೆಯಲ್ಲಿದ್ದ ಸರ್ಕಾರಿ ಮುದ್ರೆಯ ಪುಸ್ತಕ ಅದೊಂದೇ ಆಗಿದ್ದರಿಂದ ಮತ್ತೆ ಮತ್ತೆ ಓದುತ್ತಿದ್ದೆ.

ಅದರಲ್ಲಿ ಷರತ್ತುಗಳ ಪಟ್ಟಿ ಇತ್ತು. ಅದರಲ್ಲಿ ಒಂದು ನನಗೆ ಚೆನ್ನಾಗಿ ನೆನಪಿದೆ. ವಿಶೇಷ ಅನುಮತಿ ಇಲ್ಲದೆ ಈ ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರುವ ಇತರ ಕಡೆಗೆ, ವಿದ್ಯಾಸಂಸ್ಥೆಯ ಆವರಣಕ್ಕೆ ಒಯ್ಯಬಾರದು. ಇಟ್ಟುಕೊಳ್ಳುವ ಹಕ್ಕನ್ನು ಕೊಡುವ ಪುಸ್ತಕವೇ ಎಲ್ಲಿಗೆ ಒಯ್ಯಬಾರದು ಅಂತಲೂ ಹೇಳುತ್ತಿತ್ತು. ಚುನಾವಣೆ ಬಂದರಂತೂ ಕೋವಿ ಮನೆಯಲ್ಲೂ ಇರುವಂತಿರಲಿಲ್ಲ. ಠಾಣೆಗೆ ಒಯ್ದು ಕೊಟ್ಟು ರಸೀದಿ ತರಬೇಕು. ಫಲಿತಾಂಶ ಬಂದ ಮೇಲೆ ವಾಪಸ್ ತರಬೇಕು. ಅಷ್ಟರಲ್ಲಿ ಹಂದಿ ಗದ್ದೆ ಹಾಳುಮಾಡಿರುತ್ತಿತ್ತು. ಅಪ್ಪಯ್ಯ ಬೈಯುತ್ತಲೇ ಒಯ್ದು ಕೊಡುತ್ತಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಇವತ್ತಿಗೂ ಮಲೆನಾಡು, ಕರಾವಳಿಯ ರೈತರು ಪ್ರತಿ ಚುನಾವಣೆಯಲ್ಲೂ ಇದನ್ನೇ ಕೇಳುತ್ತಾರೆ. ನಮ್ಮ ಬೆಳೆಗೆ ಯಾರು ಗತಿ ಅಂತ. ಒಬ್ಬೊಬ್ಬರ ಪರಿಸ್ಥಿತಿ ನೋಡಿ ವಿನಾಯಿತಿ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ ಕೂಡ.

ಆದರೂ ಆ ಷರತ್ತಿನ ಹಿಂದಿನ ತಿಳಿವಳಿಕೆ ಊರಲ್ಲಿ ಕಾನೂನಿಗಿಂತ ಮೊದಲೇ ಇತ್ತು ಅಂತ ನನಗನ್ನಿಸುತ್ತದೆ. ಗ್ರಾಮಸಭೆಯೊಂದು ನೆನಪಾಗುತ್ತದೆ. ಶಾಲೆಯ ಜಗುಲಿಯಲ್ಲಿ ನಡೆದದ್ದು. ನಾನು ಹೈಸ್ಕೂಲ್ ಹುಡುಗ, ಅಪ್ಪಯ್ಯನ ಜೊತೆ ಹೋಗಿದ್ದೆ. ಅಧ್ಯಕ್ಷರು ತೋಟದಿಂದ ನೇರವಾಗಿ ಬಂದಿದ್ದರು. ಹೆಗಲಲ್ಲಿ ಜೋಡುನಳಿಗೆ ಕೋವಿ. ಬಂದವರೇ ಅದನ್ನು ಮೇಜಿನ ಪಕ್ಕದ ಗೋಡೆಗೆ ಒರಗಿಸಿ ಕೂತರು. ಮಂಗ ಓಡಿಸುತ್ತಿದ್ದವರು ಹಾಗೇ ಬಂದದ್ದು, ಬೇರೆ ಯಾವ ಉದ್ದೇಶವೂ ಇರಲಿಲ್ಲ. ಕುಡಿಯುವ ನೀರಿನ ಪೈಪು ಮೇಲಿನ ಕೇರಿಗೆ ಬರಲೇ ಇಲ್ಲ ಅಂತ ದೂರು ಹೇಳಲು ಒಬ್ಬ ಅಜ್ಜ ಎದ್ದು ನಿಂತರು. ಅಧ್ಯಕ್ಷರ ತೋಟದಲ್ಲೇ ಕೂಲಿ ಮಾಡಿದವರು. ನಿಂತರು, ಆದರೆ ಮಾತು ಶುರು ಮಾಡಲಿಲ್ಲ.

"ಹೇಳು ಮಾರಾಯ" ಅಂದರು ಅಧ್ಯಕ್ಷರು.

"ಅದನ್ನ ಆಚೆ ಇಡಿ ಅಯ್ಯ, ಹೇಳ್ತೀನಿ."

"ಖಾಲಿ ಇದೆ ಮಾರಾಯ, ತೋಟಾನೇ ಇಲ್ಲ."

"ಖಾಲಿ ಅಂತ ನಿಮಗೆ ಗೊತ್ತು. ನಂಗೆ ಗೊತ್ತಾ?"

ಯಾರೂ ನಗಲಿಲ್ಲ. ಅಧ್ಯಕ್ಷರು ಒಂದು ಕ್ಷಣ ಅಜ್ಜನ ಮುಖ ನೋಡಿದರು. ಎದ್ದು ಕೋವಿ ತಗೊಂಡು ಹೋಗಿ ಜೀಪಿನಲ್ಲಿಟ್ಟು, ಜೀಪಿನ ಹತ್ತಿರ ಒಬ್ಬ ಹುಡುಗನನ್ನು ನಿಲ್ಲಿಸಿ ಬಂದರು. ಅಜ್ಜ ಆಮೇಲೆ ಮಾತಾಡಿದ್ದು ಸಣ್ಣ ಮಾತಲ್ಲ. ಪೈಪಿನ ದುಡ್ಡು ಯಾರ ಯಾರ ಮನೆ ದಾರಿಗೆ ಮಣ್ಣು ಹಾಕಲು ಹೋಯಿತು ಅನ್ನುವವರೆಗೆ ಹೇಳಿದರು. ಕೋವಿ ಗೋಡೆಗೆ ಒರಗಿದ್ದಿದ್ದರೆ ಅದರಲ್ಲಿ ಅರ್ಧವೂ ಬರುತ್ತಿರಲಿಲ್ಲ. ಅಧ್ಯಕ್ಷರು ಕೆಟ್ಟವರಾಗಿದ್ದರೆ ಅನ್ನುವ ಮಾತೇ ಇಲ್ಲಿ ಬರುವುದಿಲ್ಲ, ಗಮನಿಸಿ. ಅವರು ಒಳ್ಳೆಯವರೇ ಆಗಿದ್ದರು. ಹೇಳಿದ ತಕ್ಷಣ ಎದ್ದು ಹೋಗಿ ಇಟ್ಟು ಬಂದರಲ್ಲ.

ಕೊಡಗಿನ ಮಾತು ಇಲ್ಲಿ ಹೇಳಲೇಬೇಕು. ಇಲ್ಲಿನ ಗೆಳೆಯರಿಗೆ ನಾನು ಅದನ್ನು ಹೇಳಿದರೆ ಆಶ್ಚರ್ಯಪಡುತ್ತಾರೆ. ಭಾರತದಲ್ಲೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದಾದ ಜನ ಇದ್ದಾರಾ ಅಂತ. ಇದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ 1861ರಷ್ಟು ಹಿಂದಿನಿಂದಲೂ ಆ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಮುಡಿಸಿ ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೋವಿಗೆ ಇಷ್ಟು ಗೌರವ ಇರುವ ಕಡೆ ಅದಕ್ಕೆ ಅದರದ್ದೇ ಜಾಗ, ಅದರದ್ದೇ ಹೊತ್ತು ಇದೆ. ಅಮೆರಿಕದ ಬಂದೂಕು ಸಂಸ್ಕೃತಿಯನ್ನು ದೂರದಿಂದ ನೋಡಿ ಹುಚ್ಚು ಅಂತ ತಳ್ಳಿಹಾಕುವವರ ಜೊತೆ ನಾನು ಸೇರದಿರುವುದಕ್ಕೆ ಇದೇ ಕಾರಣ. ಮಿಶಿಗನ್‌ನ ಬೇಟೆಗಾರನಿಗೂ ಕೊಡಗಿನ ಒಕ್ಕಕ್ಕೂ (ಕುಟುಂಬಕ್ಕೂ) ಕೋವಿ ಅಂದರೆ ಮನೆತನದ ವಸ್ತು. ಅದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಮೇಜಿನ ಆ ಕಡೆ ಕೂತು ನಮ್ಮ ಅರ್ಜಿಯ ಮೇಲೆ ಮತ ಹಾಕುವವರ ಸೊಂಟದಲ್ಲಿರುವ ಪಿಸ್ತೂಲಿನ ಬಗ್ಗೆ.

ಅವರ ಭಯವೂ ನಿಜ

ಆ ಟ್ರಸ್ಟಿಯನ್ನು ಆಮೇಲೆ ಭೇಟಿಯಾದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕರು, ಅಲ್ಲೇ ನಿಂತು ಬಹಳ ಹೊತ್ತು ಮಾತಾಡಿದೆವು. ಹಿಮ ಬಿದ್ದಾಗ ಅಕ್ಕಪಕ್ಕದ ವಯಸ್ಸಾದವರ ಮನೆ ಮುಂದೆ ಹಿಮ ಸರಿಸಿಕೊಡುವ ಮನುಷ್ಯ. 2020ರ ನಂತರ ಬೋರ್ಡಿನವರಿಗೆ ಬರುವ ಕರೆಗಳೇ ಬೇರೆ ಥರ ಆಗಿವೆ ಅಂದರು. ಮನೆಯ ಟಪಾಲು ಡಬ್ಬಿಯಲ್ಲಿ ಹೆಸರಿಲ್ಲದ ಪತ್ರ ಹಾಕಿದ್ದರಂತೆ. ಅದನ್ನು ತೆಗೆದು ಓದಿದ್ದು ಅವರ ಮಗಳು. ಇಲ್ಲಿನ ಪೊಲೀಸ್ ಅಂದರೆ ಶೆರಿಫ್ ಕಚೇರಿ. ಅಲ್ಲಿಗೆ ಫೋನ್ ಮಾಡಿದರೆ ಅವರ ಅಧಿಕಾರಿ, ಅಂದರೆ ಡೆಪ್ಯುಟಿ, ಬರಲು ಅರ್ಧ ಗಂಟೆ. "ಆ ಹಾಲ್‌ನಲ್ಲಿ ಬಾಗಿಲಿಗೆ ಎದುರಾಗಿ ಕೂರೋನು ನಾನು" ಅಂದರು. ಈ ಮಾತನ್ನು ನಾನು ತಳ್ಳಿಹಾಕಲಾರೆ.

ಯಾಕೆಂದರೆ ಇಂಥ ಹಾಲ್‌ಗಳಲ್ಲಿ ಕೊಲೆಗಳಾಗಿವೆ. ಮಿಸ್ಸೂರಿ ರಾಜ್ಯದ ಕರ್ಕ್‌ವುಡ್ ಅನ್ನುವ ಸಣ್ಣ ನಗರದಲ್ಲಿ 2008ರ ಫೆಬ್ರವರಿ 7ರಂದು ಕೌನ್ಸಿಲ್ ಸಭೆ ನಡೆಯುತ್ತಿತ್ತು. ನಗರಾಡಳಿತದ ಜೊತೆ ವರ್ಷಗಟ್ಟಲೆ ದಂಡ, ಕೇಸು ಅಂತ ಜಗಳವಾಡಿದ್ದ ಒಬ್ಬ ಗುತ್ತಿಗೆದಾರ ಹೊರಗೆ ಒಬ್ಬ ಪೊಲೀಸ್ ಸಾರ್ಜೆಂಟನ್ನು ಕೊಂದು, ಅವರ ಪಿಸ್ತೂಲನ್ನೂ ಕಿತ್ತುಕೊಂಡು ಒಳಗೆ ಬಂದ. ಸಭೆಯಲ್ಲಿದ್ದ ಪೊಲೀಸ್ ಅಧಿಕಾರಿಯನ್ನು ಮೊದಲು ಕೊಂದ. ಆಮೇಲೆ ಇಬ್ಬರು ಕೌನ್ಸಿಲ್ ಸದಸ್ಯರು, ಲೋಕೋಪಯೋಗಿ ವಿಭಾಗದ ಮುಖ್ಯಸ್ಥರು. ಮೇಯರ್ ತಲೆಗೆ ಗುಂಡು ಬಿತ್ತು. ಅವರು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 2013ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ರಾಸ್ ಟೌನ್‌ಶಿಪ್. ಅದು ನಮ್ಮ ಹಾಲ್‌ನಂಥದ್ದೇ ಜಾಗ. ಜಮೀನಿನ ತಕರಾರಿನಲ್ಲಿ ಆಸ್ತಿ ಕಳೆದುಕೊಂಡವನು ಸಭೆಯ ಹೊತ್ತಿಗೆ ಬಂದು ಗುಂಡು ಹಾರಿಸಿದ. 3 ಜನ ಸತ್ತರು. ಟ್ರಸ್ಟಿ ಈ ಹೆಸರುಗಳನ್ನೆಲ್ಲ ಹೇಳಿದರು. ಊರಿನ ಕೆಲಸಕ್ಕೆ ಅಂತ ನಿಂತು ಗೆದ್ದವರಿಗೆ ಈ ಹೆಸರುಗಳು ಬಾಯಿಪಾಠ ಆಗಿವೆ ಅನ್ನುವುದೇ ಬೇಸರದ ಸಂಗತಿ.

ಆ ಘಟನೆಗಳನ್ನು ನಾನು ಮನೆಗೆ ಬಂದು ನಿಧಾನವಾಗಿ ಓದಿದೆ. ಬಂದೂಕು ಇದ್ದಿದ್ದರೆ ಉಳಿಯುತ್ತಿದ್ದರು ಅನ್ನುವ ಮಾತಿಗೆ ಅವುಗಳಲ್ಲಿ ಎಷ್ಟು ಆಧಾರ ಸಿಗುತ್ತದೆ ಅಂತ ನೋಡಲು. ಕರ್ಕ್‌ವುಡ್‌ನಲ್ಲಿ ಸತ್ತ ಮೊದಲ ಇಬ್ಬರ ಹತ್ತಿರವೂ ಬಂದೂಕು ಇತ್ತು. ತರಬೇತಿಯೂ ಇತ್ತು. ಮೊದಲೇ ನಿರ್ಧಾರ ಮಾಡಿಕೊಂಡು ಬಂದವನಿಗೆ ಬಂದೂಕು ಯಾರ ಹತ್ತಿರ ಇದೆ ಅನ್ನುವುದೇ ಮೊದಲ ಗುರಿ ತೋರಿಸಿತು. ರಾಸ್‌ನಲ್ಲಿ ಅವನನ್ನು ಕೆಡವಿ ಹಿಡಿದವರು ಬರಿಗೈಯಲ್ಲಿದ್ದರು. ಅವನು ಎರಡನೇ ಬಂದೂಕು ತಂದು ಒಳಗೆ ನುಗ್ಗಿದಾಗ ಸಭೆಗೆ ಬಂದಿದ್ದವರೇ ಮೇಲೆ ಬಿದ್ದು ಹಿಡಿದರು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನ್ಯೂಯಾರ್ಕಿನ ಘಟನೆ. 2003ರ ಜುಲೈ 23. ನಗರದ ಕೌನ್ಸಿಲ್ ಸದಸ್ಯ ಜೇಮ್ಸ್ ಡೇವಿಸ್ ಹಿಂದೆ ಪೊಲೀಸ್ ಆಗಿದ್ದವರು. ಹಿಂಸೆಯ ವಿರುದ್ಧ ಬೀದಿಗಿಳಿದು ಕೆಲಸ ಮಾಡಿದವರು. ಅವರ ಹತ್ತಿರ ಪಿಸ್ತೂಲು ಇತ್ತು, ಅದಕ್ಕೆ ಪರವಾನಗಿಯೂ ಇತ್ತು. ಅವತ್ತು ತಮ್ಮ ರಾಜಕೀಯ ಎದುರಾಳಿಯನ್ನೇ ಅತಿಥಿಯಾಗಿ ಸಿಟಿ ಹಾಲ್‌ಗೆ ಕರೆತಂದರು. ಕೌನ್ಸಿಲ್ ಸದಸ್ಯರು ಮೆಟಲ್ ಡಿಟೆಕ್ಟರ್ ದಾಟಬೇಕಿರಲಿಲ್ಲ. ಅವರ ಜೊತೆಗಿದ್ದ ಅತಿಥಿಯೂ ದಾಟಲಿಲ್ಲ. ಸಭಾಂಗಣದ ಬಾಲ್ಕನಿಯಲ್ಲಿ ಆ ಅತಿಥಿ ಅವರನ್ನು ಗುಂಡಿಟ್ಟು ಕೊಂದ. ಡೇವಿಸ್ ಅವರ ಪಿಸ್ತೂಲು ಸೊಂಟದಲ್ಲೇ ಉಳಿಯಿತು. ಕೊಂದವನಿಗೆ ಗುಂಡು ಹೊಡೆದದ್ದು ಕೆಳಗೆ ಕೆಲಸದ ಮೇಲಿದ್ದ ಪೊಲೀಸ್ ಅಧಿಕಾರಿ. ಆಮೇಲೆ ಮೇಯರ್ ಬ್ಲೂಮ್‌ಬರ್ಗ್ ತನ್ನನ್ನೂ ಸೇರಿಸಿ ಎಲ್ಲರೂ ಡಿಟೆಕ್ಟರ್ ದಾಟಿಯೇ ಬರಬೇಕು ಅಂತ ಆದೇಶ ಮಾಡಿದರು. ಸದಸ್ಯರು ಬೇರೆ, ಜನ ಬೇರೆ ಅನ್ನುವ ಆ ಸಣ್ಣ ರಿಯಾಯಿತಿಯಿಂದಲೇ ಬಂದೂಕು ಒಳಗೆ ಬಂತು. ಅದಕ್ಕೂ ಮೊದಲು, 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್ ಜಾರ್ಜ್ ಮಾಸ್ಕೋನಿ ಮತ್ತು ಸೂಪರ್‌ವೈಸರ್ (ಅಲ್ಲಿ ನಗರಸಭೆಯ ಸದಸ್ಯರನ್ನು ಹಾಗೆ ಕರೆಯುತ್ತಾರೆ) ಹಾರ್ವಿ ಮಿಲ್ಕ್ ಅವರನ್ನು ಕೊಂದವನೂ ಹೊರಗಿನವನಲ್ಲ. ಕೆಲವೇ ದಿನಗಳ ಹಿಂದೆ ಸೂಪರ್‌ವೈಸರ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದವನು. ಡಿಟೆಕ್ಟರ್ ತಪ್ಪಿಸಲು ನೆಲಮಾಳಿಗೆಯ ಕಿಟಕಿಯಿಂದ ಒಳಗೆ ಬಂದಿದ್ದ. ಆಯ್ಕೆಯಾದವರ ಕೈಯಲ್ಲಿರುವ ಬಂದೂಕು ಯಾವಾಗಲೂ ರಕ್ಷಣೆಗೇ ಅಂತ ಹೇಗೆ ನಂಬುವುದು?

ಈ ಘಟನೆಗಳಿಂದ ಎಲ್ಲವೂ ಸಾಬೀತಾಯಿತು ಅಂತ ನಾನು ಹೇಳುವುದಿಲ್ಲ. ಯಾವುದೋ ಒಂದು ಸಭೆಯಲ್ಲಿ, ಯಾವುದೋ ಒಂದು ದಿನ, ಟ್ರಸ್ಟಿಯೊಬ್ಬರ ಪಿಸ್ತೂಲು ಜೀವ ಉಳಿಸಬಹುದು. ಆ ಸಾಧ್ಯತೆ ಇದೆ. ಆದರೆ ಅದರ ಬೆಲೆಯನ್ನು ಕೊಡುವುದು ಆ ಒಂದು ದಿನ ಅಲ್ಲ. ಏನೂ ಆಗದ ಉಳಿದ ಎಲ್ಲ ಸಭೆಗಳಲ್ಲಿ ಕೊಡುತ್ತೇವೆ. ಹಾಳೆ ಮಡಚಿ ಕೂತುಕೊಳ್ಳುವವರು ಕೊಡುತ್ತಾರೆ. ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಮಿನಿಟ್ಸ್ ಪುಸ್ತಕದಲ್ಲಿ "ಒಬ್ಬರು ಧೂಳಿನ ಬಗ್ಗೆ ಮಾತಾಡಿದರು" ಅಂತಷ್ಟೇ ಇರುತ್ತದೆ.

ತೋರಿಸುವುದಕ್ಕೇ ತಂದಾಗ

ಹೊರಗೆ ಕಾಣದೆ ಸೊಂಟದಲ್ಲಿ ಇದ್ದದ್ದಕ್ಕೇ ಹೀಗಾದರೆ, ಬೇಕೆಂದೇ ತೋರಿಸಿದರೆ? ಅದೂ ಇದೇ ರಾಜ್ಯದಲ್ಲಿ ನಡೆದಿದೆ. ಉತ್ತರ ಮಿಶಿಗನ್‌ನ ಗ್ರ್ಯಾಂಡ್ ಟ್ರಾವರ್ಸ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಚೆರ್ರಿ ತೋಟಗಳ ಚೆಂದದ ಊರು. 2021ರ ಜನವರಿ 20ರಂದು ಕೌಂಟಿ ಕಮಿಷನರ್‌ಗಳ ಸಭೆ ಜೂಮ್‌ನಲ್ಲಿ ನಡೆಯುತ್ತಿತ್ತು. ವಾಷಿಂಗ್ಟನ್ನಿನಲ್ಲಿ ಸಂಸತ್ ಭವನಕ್ಕೆ ಗುಂಪು ನುಗ್ಗಿ ಎರಡು ವಾರವಾಗಿತ್ತಷ್ಟೇ. ಹಿಂದಿನ ವರ್ಷ ಪ್ರೌಡ್ ಬಾಯ್ಸ್ ಅನ್ನುವ ಉಗ್ರ ಬಲಪಂಥೀಯ ಗುಂಪಿನವರು ಇದೇ ಮಂಡಳಿಯ ಸಭೆಗೆ ಬಂದು ಮಾತಾಡಿದ್ದರು. ಮಂಡಳಿ ಆ ಗುಂಪನ್ನು ಖಂಡಿಸಬೇಕು ಅಂತ ಒಬ್ಬ ಮಹಿಳೆ ತಮ್ಮ ಸರದಿಯಲ್ಲಿ ಕೇಳಿದರು. ಅವರು ಮಾತಾಡುತ್ತಿರುವಾಗಲೇ ಮಂಡಳಿಯ ಉಪಾಧ್ಯಕ್ಷರು ಎದ್ದು ಹೋದರು. ರೈಫಲ್ ತಂದು ಕ್ಯಾಮೆರಾ ಮುಂದೆ ಹಿಡಿದರು.

ಆ ಮಹಿಳೆ ಕೋರ್ಟಿಗೆ ಹೋದರು. ಅಧಿಕಾರಿಗಳಿಗೆ ಸಿಗುವ ಕಾನೂನಿನ ರಕ್ಷಣೆ ನನಗೂ ಇದೆ, ಕೇಸು ನಡೆಯಬಾರದು ಅಂತ ಉಪಾಧ್ಯಕ್ಷರ ವಾದ. ಆರನೇ ಸರ್ಕ್ಯೂಟ್ ಅನ್ನುವ ಫೆಡರಲ್ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಅದನ್ನು ಒಪ್ಪಲಿಲ್ಲ. ತಮ್ಮನ್ನು ಟೀಕಿಸಿದ ಪ್ರಜೆಯ ಮುಂದೆ ಅಧಿಕಾರದಲ್ಲಿರುವವರು ರೈಫಲ್ ಹಿಡಿದರೆ ಮುಂದೆ ಮಾತಾಡಲು ಜನ ಹಿಂಜರಿಯುತ್ತಾರೆ, ಅದು ಮಾತಿನ ಸ್ವಾತಂತ್ರ್ಯಕ್ಕೆ ಪ್ರತೀಕಾರ ಆಗಬಹುದು ಅನ್ನುವ ನೆಲೆಯಲ್ಲಿ ಕೇಸು ಮುಂದುವರಿಯಿತು. ಜೂಮ್‌ನಲ್ಲಿ ಯಾರಿಗೂ ಗುಂಡು ತಗಲುವುದಿಲ್ಲ. ರೈಫಲ್ ಮನೆಯಲ್ಲಿತ್ತು, ಮಹಿಳೆ ಇನ್ನೊಂದು ಮನೆಯಲ್ಲಿದ್ದರು. ಆದರೂ ಅದರ ಕೆಲಸ ಅದು ಮಾಡಿತು. ಸ್ವಂತ ರಕ್ಷಣೆ ಅನ್ನುವ ಕಾರಣ ಅಲ್ಲಿ ಹೇಳಲೂ ಬರುವುದಿಲ್ಲ, ಅಲ್ವಾ?

ಇದಕ್ಕೆ ಎದುರಾಗಿ ಹೇಳುವ ಗಟ್ಟಿಯಾದ ಮಾತು ಒಂದಿದೆ. ಜನ ಬಂದೂಕು ತರಬಹುದಾದರೆ ಬೋರ್ಡಿನವರು ಮಾತ್ರ ಬರಿಗೈಯಲ್ಲಿ ಯಾಕೆ ಕೂರಬೇಕು? 2020ರ ಏಪ್ರಿಲ್ 30ರಂದು ಲ್ಯಾನ್ಸಿಂಗ್‌ನ ರಾಜ್ಯ ಶಾಸನಭವನಕ್ಕೆ ಲಾಕ್‌ಡೌನ್ ವಿರೋಧಿಗಳು ರೈಫಲ್ ಹಿಡಿದು ನುಗ್ಗಿ ಗ್ಯಾಲರಿಯಲ್ಲಿ ನಿಂತರು. ಕೆಳಗೆ ಕೆಲವು ಸೆನೆಟರ್‌ಗಳು ಗುಂಡು ನಿರೋಧಕ ಅಂಗಿ ತೊಟ್ಟು ಕೂತಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗವರ್ನರ್ ಗ್ರೆಚೆನ್ ವಿಟ್ಮರ್ ಅವರನ್ನು ಅಪಹರಿಸುವ ಸಂಚು ಬಯಲಾಯಿತು. ಭಯ ಬರೀ ಕಲ್ಪನೆ ಅಲ್ಲ. ಹಾಗಾಗಿ ಸಭೆಗೆ ಬರುವ ಜನರೂ ಬಂದೂಕು ತರಬಾರದು ಅನ್ನುವುದೇ ನನ್ನ ಪೂರ್ತಿ ಅಭಿಪ್ರಾಯ. ಆದರೆ ಎರಡೂ ಕಡೆ ಒಂದೇ ತೂಕ ಅಂತ ನಾನು ಒಪ್ಪುವುದಿಲ್ಲ. ಮೇಜಿನ ಆ ಕಡೆ ಕೂತವರ ಕೈಯಲ್ಲಿ ಈಗಾಗಲೇ ಬಹಳ ಇದೆ. ಸುತ್ತಿಗೆ ಅವರದ್ದು. ಮೈಕ್ ಬಂದ್ ಮಾಡುವವರು ಅವರು. ಗಲಾಟೆ ಮಾಡಿದರೆ ಹೊರಗೆ ಹಾಕಿಸುವವರು ಅವರು. ನನ್ನ ಮನೆ ಪಕ್ಕ ಗಣಿ ಬರುತ್ತದೋ ಇಲ್ಲವೋ ಅನ್ನುವುದಕ್ಕೆ ಕೈ ಎತ್ತುವವರೂ ಅವರೇ. ನನ್ನ ಹತ್ತಿರ ಇರುವುದು ಮೂರು ನಿಮಿಷದ ಮಾತು. ಸರ್ಕಾರವಾಗಿ ಕೂತವರು ಅದರ ಮೇಲೆ ಇನ್ನೊಂದು ತೂಕ ಇಡುವುದು ಬೇಡ.

ಹೀಗಿರುವಾಗ ಮಿಶಿಗನ್ ಹಿಡಿದ ದಾರಿ ನನಗೆ ಒಗಟಾಗಿದೆ. 2021ರ ಜನವರಿಯಲ್ಲಿ ಶಾಸನಭವನದೊಳಗೆ ಬಂದೂಕನ್ನು ಹೊರಗೆ ಕಾಣುವಂತೆ ಒಯ್ಯುವುದನ್ನು ನಿಷೇಧಿಸಿದರು. 2023ರಲ್ಲಿ ಎಲ್ಲ ಬಂದೂಕುಗಳನ್ನೂ ನಿಷೇಧಿಸಿದರು. ಆದರೆ ಪರವಾನಗಿ ಇರುವ ಶಾಸಕರಿಗೆ ವಿನಾಯಿತಿ ಇಟ್ಟರು. ಬರಿಗೈಯಲ್ಲಿ ಬರಬೇಕಾದವರು ಜನ, ಬಂದೂಕು ತರಬಹುದಾದವರು ಅಧಿಕಾರದಲ್ಲಿರುವವರು. ನ್ಯೂಯಾರ್ಕ್ 2003ರಲ್ಲಿ ಮುಚ್ಚಿದ ಬಾಗಿಲನ್ನು ಇಲ್ಲಿ ತೆರೆದಿಟ್ಟಿದ್ದಾರೆ.

ನಮ್ಮ ಹಾಲ್‌ನಲ್ಲಿ ಏನು ಮಾಡಬಹುದು

ಟೌನ್‌ಶಿಪ್ ತಾನೇ ಬಾಗಿಲಿಗೆ ಒಂದು ಫಲಕ ಹಾಕಿ ಬಂದೂಕು ಬೇಡ ಅನ್ನಬಹುದಲ್ಲ ಅಂತ ಕೇಳಬಹುದು. ಆಗುವುದಿಲ್ಲ. ಬಂದೂಕಿನ ವಿಷಯದಲ್ಲಿ ಸ್ಥಳೀಯ ಆಡಳಿತಗಳು ತಮ್ಮದೇ ನಿಯಮ ಮಾಡಬಾರದು ಅಂತ 1990ರ ರಾಜ್ಯ ಕಾನೂನಿದೆ. ಡೆಟ್ರಾಯಿಟ್ ಪಕ್ಕದ ಫರ್ನ್‌ಡೇಲ್ ನಗರ ತನ್ನ ಕಟ್ಟಡಗಳಲ್ಲಿ ಬಂದೂಕು ನಿಷೇಧಿಸಿದಾಗ ರಾಜ್ಯದ ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಆ ನಿಯಮವನ್ನು ರದ್ದು ಮಾಡಿತು. ಶಾಲಾ ಜಿಲ್ಲೆಗಳು ಮಾತ್ರ ಆ ಕಾನೂನಿನ ಪಟ್ಟಿಯಲ್ಲಿಲ್ಲ, ಅವು ನಿಷೇಧಿಸಬಹುದು ಅಂತ ರಾಜ್ಯ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಹಾಗಾಗಿ ಒಂದೇ ಊರಿನ ಶಾಲಾ ಮಂಡಳಿ ತನ್ನ ಸಭೆಯಿಂದ ಬಂದೂಕನ್ನು ಹೊರಗಿಡಬಹುದು, ಟೌನ್‌ಶಿಪ್ ಇಡಲಾಗದು. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಬಂದೂಕಿನ ಹಕ್ಕನ್ನು ದೊಡ್ಡದು ಮಾಡಿದ ತೀರ್ಪುಗಳಲ್ಲೇ ಕೆಲವು ಜಾಗಗಳನ್ನು ಬೇರೆ ಇಟ್ಟಿದೆ. 2008ರಲ್ಲಿ ಶಾಲೆ, ಸರ್ಕಾರಿ ಕಟ್ಟಡ ಅಂದಿತು. 2022ರಲ್ಲಿ ಶಾಸನಸಭೆ, ಮತಗಟ್ಟೆ, ಕೋರ್ಟು ಅಂದಿತು. ಅಂದರೆ ಸಂವಿಧಾನ ಅಡ್ಡ ಬರುವುದಿಲ್ಲ, ರಾಜ್ಯದ 1990ರ ಕಾನೂನು ಅಡ್ಡ ಬರುತ್ತದೆ. ಅದು ಬದಲಾಗಬೇಕು. ನಮ್ಮ ಶಾಸಕರಿಗೆ ಪತ್ರ ಬರೆದಿದ್ದೇನೆ.

ಅದು ಬದಲಾಗುವವರೆಗೆ? ಭಾರತದಲ್ಲಿ ಜನಪ್ರತಿನಿಧಿಗಳಿಗೆ ಗನ್‌ಮ್ಯಾನ್ ಕೊಡುತ್ತಾರೆ. ಅದು ಎಷ್ಟೋ ಸಲ ಪ್ರತಿಷ್ಠೆಯ ವಿಷಯವಾಗಿ ಹಾಳಾಗಿದೆ ಅನ್ನುವುದು ನಮಗೆಲ್ಲ ಗೊತ್ತು. ಆದರೆ ಅದರಲ್ಲಿ ಒಂದು ಒಳ್ಳೆಯ ಅಂಶ ಇದೆ. ಬಂದೂಕು ಇರುವ ಕೈ ಬೇರೆ, ಮತ ಹಾಕುವ ಕೈ ಬೇರೆ. ಗನ್‌ಮ್ಯಾನ್‌ಗೆ ಜಲ್ಲಿ ಗಣಿಯ ವಿಷಯದಲ್ಲಿ ಯಾವ ಪಕ್ಷವೂ ಇಲ್ಲ. ಅವನಿಗೆ ತರಬೇತಿ ಇದೆ, ಮೇಲಧಿಕಾರಿ ಇದ್ದಾರೆ, ಹಾರಿಸಿದ ಪ್ರತಿ ಗುಂಡಿಗೂ ಲೆಕ್ಕ ಕೊಡಬೇಕು. ಇಲ್ಲಿ ಮರೆಯಾಗಿ ಪಿಸ್ತೂಲು ಇಟ್ಟುಕೊಳ್ಳುವ ಪರವಾನಗಿಗೆ 8 ಗಂಟೆಯ ತರಬೇತಿ ಸಾಕು. ಅದರಲ್ಲಿ 3 ಗಂಟೆ ಗುರಿ ಅಭ್ಯಾಸ. ಹೊರಗೆ ಕಾಣುವಂತೆ ಇಟ್ಟುಕೊಂಡರೆ ಅದೂ ಬೇಡ. ಜನ ಕಿಕ್ಕಿರಿದ ಸಣ್ಣ ಹಾಲ್‌ನಲ್ಲಿ, ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂತವರ ತಲೆಯ ಮೇಲಿಂದ ಗುರಿ ಹಿಡಿಯಲು ಅಷ್ಟು ಸಾಕಾ?

ಹಾಗಾಗಿ ಇತ್ತೀಚಿನ ಸಭೆಯಲ್ಲಿ ನನ್ನ ಮೂರು ನಿಮಿಷವನ್ನು ಇದಕ್ಕೇ ಬಳಸಿದೆ. ಪ್ರತಿ ಸಭೆಗೂ ಬಾಗಿಲಲ್ಲಿ ಒಬ್ಬ ಡೆಪ್ಯುಟಿಯನ್ನು ನಿಲ್ಲಿಸಿ, ಅದರ ಖರ್ಚನ್ನು ಬಜೆಟ್ಟಿನಲ್ಲಿ ಇಡಿ ಅಂತ ಕೇಳಿದೆ. ಬೋರ್ಡಿನವರಿಗೆ ಬಂದ ಬೆದರಿಕೆಗಳನ್ನು ಸಭೆಯಲ್ಲಿ ಓದಿ ದಾಖಲೆ ಮಾಡಿ, ನೀವು ಒಬ್ಬೊಬ್ಬರೇ ಅದನ್ನು ಹೊತ್ತುಕೊಂಡು ಓಡಾಡುವುದು ಸರಿಯಲ್ಲ ಅಂದೆ. ಕೊನೆಗೆ, ನಿಮ್ಮನ್ನು ಯಾವ ಕಾನೂನೂ ತಡೆಯದಿದ್ದರೂ ನೀವೈವರು ತಾವಾಗಿಯೇ ಒಪ್ಪಿ ಪಿಸ್ತೂಲನ್ನು ಕಾರಿನಲ್ಲಿ ಬೀಗ ಹಾಕಿಟ್ಟು ಬನ್ನಿ ಅಂತ ಕೇಳಿದೆ. ಅದಕ್ಕೆ ಠರಾವು ಬೇಡ, ವಕೀಲರೂ ಬೇಡ.

ಸಭೆ ಮುಗಿದ ಮೇಲೆ ಆ ಟ್ರಸ್ಟಿ ಬಂದು ಕೈ ಕುಲುಕಿದರು. ಡೆಪ್ಯುಟಿ ಬಾಗಿಲಲ್ಲಿ ನಿಲ್ಲುವ ದಿನ ನಾನು ಅದನ್ನು ಕಾರಿನಲ್ಲೇ ಬಿಟ್ಟು ಬರುತ್ತೇನೆ, ಅದಕ್ಕೆ ಮೊದಲು ಆಗುವುದಿಲ್ಲ ಅಂದರು. ನ್ಯಾಯವಾದ ಮಾತು ಅನ್ನಿಸಿತು. ಖಜಾಂಚಿಯವರು ಮಾತ್ರ ಹಣದ ಬಗ್ಗೆ ಅಡ್ಡಡ್ಡ ತಲೆ ಆಡಿಸಿದರು. ಶೆರಿಫ್ ಕಚೇರಿ ಗಂಟೆಗೆ ಇಷ್ಟು ಅಂತ ಬಿಲ್ ಮಾಡುತ್ತದೆ, ತೆರಿಗೆ ಸ್ವಲ್ಪ ಏರಿಸಬೇಕಾಗಬಹುದು ಅಂದರು. ಏರಿಸಿ ಅಂದೆ. ಬಜೆಟ್ ವಿಚಾರಣೆ ಮಾರ್ಚ್‌ನಲ್ಲಿದೆ.